ಬುಡಾಪೆಸ್ಟ್ ಗ್ಯಾಂಬಿಟ್: ಪಾನ್ ವಾಪಸ್ ಬಂತು, ಆಮೇಲೆ?

ಚೆಸ್ ಬೋರ್ಡ್ ಎದುರಿಗಿಟ್ಟುಕೊಂಡು ಓದಿ. ಮೊಬೈಲ್ ಆದರೂ ಪರವಾಗಿಲ್ಲ. ಆದರೆ ಕಾಯಿಯನ್ನು ಕೈಯಲ್ಲಿ ಎತ್ತಿ ಇಟ್ಟರೆ ನಡೆ ಜಾಸ್ತಿ ದಿನ ನೆನಪಿರುತ್ತದೆ.

ನೀವು ಕಪ್ಪು. ಬಿಳಿ ರಾಣಿ ಮುಂದಿನ ಪಾನ್ ಎರಡು ಮನೆ ತಳ್ಳಿ ಡಿ4 ಆಡಿದರು. ನೀವು ಕುದುರೆಯನ್ನು ಎಫ್6ಗೆ ತಂದಿರಿ. ಬಿಳಿ ಸಿ4 ತಳ್ಳಿದರು. ಇಲ್ಲಿ ಹೆಚ್ಚಿನವರು ಇ6 ಅಥವಾ ಜಿ6 ಆಡುತ್ತಾರೆ. ನೀವು ಇ5 ತಳ್ಳಿ. ಬಿಳಿಯ ಡಿ ಪಾನ್ ಅದನ್ನು ಹೊಡೆಯುತ್ತದೆ. ನಿಮ್ಮ ಕುದುರೆ ಜಿ4ಗೆ ಹಾರುತ್ತದೆ. ಇಷ್ಟೇ, ಇದು ಬುಡಾಪೆಸ್ಟ್ ಗ್ಯಾಂಬಿಟ್. ಗ್ಯಾಂಬಿಟ್ ಅಂದರೆ ಆಟದ ಆರಂಭದಲ್ಲೇ ಬೇಕೆಂದು ಪಾನ್ ಬಿಟ್ಟುಕೊಡುವುದು. ಚೆಸ್ ಪುಸ್ತಕಗಳಲ್ಲಿ ಎ51, ಎ52 ಎಂಬ ಸಂಕೇತದಡಿ ಸಿಗುತ್ತದೆ.

ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳ ಆಟದಲ್ಲಿ ಇದು ಅಪರೂಪ. ಕಂಪ್ಯೂಟರ್ ಕೇಳಿದರೆ ಬಿಳಿಗೆ ಸ್ವಲ್ಪ ಮೇಲುಗೈ ಎನ್ನುತ್ತದೆ, ಅದು ನಿಜವೇ. ಆದರೆ ಕ್ಲಬ್ ಆಟದಲ್ಲಿ, ಭಾನುವಾರದ ಟೂರ್ನಿಯಲ್ಲಿ, ಎದುರಿಗೆ ಕೂತವರು ಇದಕ್ಕೆ ಸಿದ್ಧರಾಗಿ ಬಂದಿರುವುದು ಕಡಿಮೆ. ಮುಖ್ಯ ವಿಷಯ ಏನೆಂದರೆ, ಇದು ಹೆಸರಿಗೆ ಗ್ಯಾಂಬಿಟ್ ಆದರೂ ಕೊಟ್ಟ ಪಾನ್ ಹೆಚ್ಚಿನ ಸಲ ವಾಪಸ್ ಬರುತ್ತದೆ. ಹಾಗಾಗಿ ಪಾನ್ ಹೇಗೆ ತೆಗೆದುಕೊಳ್ಳುವುದು ಅನ್ನುವುದು ಇಲ್ಲಿ ಅಂಥ ದೊಡ್ಡ ಪ್ರಶ್ನೆ ಅಲ್ಲ. ತೆಗೆದುಕೊಂಡ ಮೇಲೆ ಏನು ಅನ್ನುವುದೇ ಪ್ರಶ್ನೆ.

ಇದನ್ನು ನಾನು ಕಲಿತದ್ದು ಸೋತು. ಈ ಓಪನಿಂಗ್‌ನ ಹೆಸರುವಾಸಿ ಬಲೆಯೊಂದನ್ನು ಬಾಯಿಪಾಠ ಮಾಡಿಕೊಂಡು ಟೂರ್ನಿಗೆ ಹೋಗಿದ್ದೆ. ಎದುರಿಗೆ ಒಬ್ಬರು ಹಿರಿಯರು. ನಾನು ಕಾದಿದ್ದ ನಡೆ ಅವರು ಆಡಲಿಲ್ಲ, ಸುಮ್ನೆ ಇ3 ಆಡಿದರು. ನನಗೆ ಪಾನ್ ವಾಪಸ್ ಬಂತು. ಆದರೆ ಅಲ್ಲಿಂದ ಮುಂದೆ ನನ್ನ ಒಂದೊಂದು ಕಾಯಿಯೂ ಕೆಲಸವಿಲ್ಲದೆ ನಿಂತುಬಿಟ್ಟಿತು. ಆಟ ಮುಗಿದ ಮೇಲೆ ಅವರು ಕಾಯಿಗಳನ್ನು ಮತ್ತೆ ಜೋಡಿಸಿ ಕೇಳಿದರು: "ಪಾನ್ ತಗೊಂಡ್ರಿ, ಸರಿ. ಆಮೇಲೆ ಏನ್ಮಾಡ್ಬೇಕು ಅಂತ ಯೋಚನೆ ಮಾಡಿರ್ಲಿಲ್ಲ ಅಲ್ವಾ?" ಈ ಲೇಖನ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ಮೊದಲು: ಸಿ4 ಬಂದಿದ್ದರೆ ಮಾತ್ರ

ಬಿಳಿ ಎರಡನೇ ನಡೆಯಲ್ಲಿ ಸಿ4 ಆಡದೆ ಕುದುರೆಯನ್ನು ಎಫ್3ಗೆ ತಂದರೆ ಬುಡಾಪೆಸ್ಟ್ ಇಲ್ಲ. ಆಗ ಇ5 ತಳ್ಳಿದರೆ ಆ ಕುದುರೆಯೇ ಪಾನ್ ತಿಂದು ಕೂರುತ್ತದೆ. ಲಂಡನ್ ಸಿಸ್ಟಂ ಎಂಬ ಓಪನಿಂಗ್ ಆಡುವವರು ಬಿಷಪ್ ಅನ್ನು ಎಫ್4ಗೆ ತಂದಾಗಲೂ ಅಷ್ಟೇ. ಅಂಥ ಆಟಗಳಿಗೆ ನಿಮ್ಮ ಹತ್ತಿರ ಬೇರೆ ಡಿಫೆನ್ಸ್ ಇರಲೇಬೇಕು.

ಸಿ4 ಯಾಕೆ ಅಷ್ಟು ಮುಖ್ಯ? ಆ ಪಾನ್ ಮುಂದೆ ಹೋದರೆ ಬಿಳಿಯ ಬಿ4, ಡಿ4 ಮನೆಗಳನ್ನು ಕಾಯಲು ಸಿ3ರಲ್ಲಿ ಪಾನ್ ನಿಲ್ಲುವ ಹಾಗಿಲ್ಲ. ನಿಮ್ಮ ಕಪ್ಪು ಮನೆಯ ಬಿಷಪ್ ಬಿ4ಗೆ ಬಂದು ಚೆಕ್ ಕೊಡಬಹುದು. ಆ ಚೆಕ್ಕಿಗೆ ಸಿ3ರಲ್ಲಿ ಪಾನ್ ಅಡ್ಡ ಇಡಲು ಬಿಳಿಗೆ ಆಗುವುದಿಲ್ಲ, ಒಂದು ಕಾಯಿಯನ್ನೇ ತರಬೇಕು. ಬುಡಾಪೆಸ್ಟ್‌ನ ಅರ್ಧ ಥಿಯರಿ ಈ ಒಂದು ಚೆಕ್ಕಿನ ಮೇಲೆ ನಿಂತಿದೆ.

ಬಿಳಿ ನಿಮ್ಮ ಇ5 ಪಾನ್ ಹೊಡೆಯದೆ ಡಿ5 ತಳ್ಳಿದರೂ ಭಯ ಬೇಡ. ಬಿಷಪ್ ಸಿ5ಗೆ ತನ್ನಿ. ಈಗ ಬಿಳಿ ಬಿಷಪ್ ಅನ್ನು ಜಿ5ಗೆ ತಂದು ಕುದುರೆಯನ್ನು ಪಿನ್ ಮಾಡಿದೆ (ಕದಲಿದರೆ ಹಿಂದಿನ ರಾಣಿ ಹೋಗುವ ಹಾಗೆ ಕಟ್ಟಿಹಾಕಿದೆ) ಅಂದುಕೊಂಡರೆ, ಕುದುರೆಯನ್ನು ಇ4ಗೆ ಹಾರಿಸಿ. ರಾಣಿ ಬಿಟ್ಟು ಹಾರಿದ್ದೀರಿ, ಹೌದು. ಬಿಳಿ ರಾಣಿ ಹೊಡೆದರೆ ನಿಮ್ಮ ಬಿಷಪ್ ಎಫ್2 ಪಾನ್ ಹೊಡೆಯುತ್ತದೆ, ಚೆಕ್‌ಮೇಟ್. ರಾಜನಿಗೆ ಡಿ2 ಒಂದೇ ಖಾಲಿ ಮನೆ, ಅದನ್ನು ಇ4ರ ಕುದುರೆ ಕಾಯುತ್ತಿದೆ. ಒಮ್ಮೆ ಬೋರ್ಡ್ ಮೇಲೆ ಇಟ್ಟು ನೋಡಿ.

ಬಿಳಿ ಕುದುರೆ ಎಫ್3ಗೆ ಬಂದಾಗ

ಈಗ ಮುಖ್ಯ ದಾರಿ. ನಿಮ್ಮ ಕುದುರೆ ಜಿ4ರಲ್ಲಿ ನಿಂತು ಇ5ರ ಬಿಳಿ ಪಾನ್ ಮೇಲೆ ಕಣ್ಣಿಟ್ಟಿದೆ. ಬಿಳಿ ನಾಲ್ಕನೇ ನಡೆಯಲ್ಲಿ ಕುದುರೆ ಎಫ್3 ಆಡುವುದು ಸಹಜ. ಇದಕ್ಕೆ ಆಡ್ಲರ್ ವೇರಿಯೇಷನ್ ಎನ್ನುತ್ತಾರೆ. 1896ರಲ್ಲಿ ಬುಡಾಪೆಸ್ಟ್‌ನಲ್ಲಿ ಆಡ್ಲರ್ ಮತ್ತು ಗೇಜಾ ಮರೋಝಿ ಆಡಿದ ಆಟದಿಂದ ಬಂದ ಹೆಸರು.

ನೀವು ಬಿಷಪ್ ಸಿ5 ಆಡಿ. ಎಫ್2 ಮೇಲೆ ಎರಡು ಕಾಯಿ ಒಟ್ಟಿಗೆ ಬಿದ್ದವು, ಹಾಗಾಗಿ ಬಿಳಿ ಇ3 ಆಡಲೇಬೇಕು. ಆ ಇ3 ನಡೆ ಬಿಳಿಯದೇ ಸಿ1 ಬಿಷಪ್‌ಗೆ ಬಾಗಿಲು ಹಾಕುತ್ತದೆ. ಇನ್ನು ಅದು ಎಫ್4ಗೆ ಬಂದು ಇ5 ಪಾನ್ ಕಾಯುವ ಹಾಗಿಲ್ಲ. ನೀವು ಇನ್ನೊಂದು ಕುದುರೆಯನ್ನು ಸಿ6ಗೆ ತನ್ನಿ. ಪಾನ್ ನಿಮ್ಮದು, ಅವಸರ ಬೇಡ.

ಮುಂದಿನ ನಡೆಗಳು ಹೆಚ್ಚುಕಮ್ಮಿ ಹೀಗೆ: ಬಿಳಿ ಬಿಷಪ್ ಇ2, ನೀವು ಕ್ಯಾಸಲಿಂಗ್; ಬಿಳಿ ಕ್ಯಾಸಲಿಂಗ್, ನಿಮ್ಮ ಆನೆ ಇ8; ಬಿಳಿ ಕುದುರೆ ಸಿ3, ನಿಮ್ಮ ಜಿ4 ಕುದುರೆ ಇ5 ಪಾನ್ ಹೊಡೆಯುತ್ತದೆ. ಅಲ್ಲಿ ಒಂದು ಜೋಡಿ ಕುದುರೆ ಬದಲಾಗುತ್ತದೆ. ಸಿ6ರಲ್ಲಿದ್ದ ಕುದುರೆ ಇ5ಗೆ ಬಂದು ಕೂರುತ್ತದೆ. ಪಾನ್ ಸಮ. ಬಿಳಿ ಬಿ3 ಆಡಿ ಬಿಷಪ್ ಅನ್ನು ಬಿ2ಗೆ ತರಲು ಹೊರಡುತ್ತಾರೆ.

ಇಲ್ಲಿ ನಿಧಾನಿಸಿ. ಕಲಿಯುವವರು ಹೆಚ್ಚಿನವರು ಈ ಹಂತದಲ್ಲಿ ಡಿ6 ಆಡಿ ಬಿಷಪ್ ಹೊರಗೆ ತರುತ್ತಾರೆ. ನೋಡಲು ಚೆನ್ನಾಗಿಯೇ ಇದೆ. ಆದರೆ ಬುಡಾಪೆಸ್ಟ್‌ನ ಅತಿ ಸುಂದರವಾದ ಉಪಾಯ ಇರುವುದು ಬೇರೆ ಕಡೆ. ಎ5 ತಳ್ಳಿ. ಬಿಳಿ ಬಿಷಪ್ ಬಿ2ಗೆ ಬರಲಿ. ಈಗ ಮೂಲೆಯ ಆನೆಯನ್ನು ಎ6ಗೆ ಎತ್ತಿ ಇಡಿ.

ಆರನೇ ಅಡ್ಡಸಾಲನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ. ಬಿ6 ಖಾಲಿ. ಸಿ6 ಖಾಲಿ, ಕುದುರೆ ಅಲ್ಲಿಂದ ಹೋಗಿದೆ. ಡಿ6 ಖಾಲಿ, ಯಾಕೆಂದರೆ ನೀವು ಡಿ ಪಾನ್ ಮುಟ್ಟಿಲ್ಲ. ಇ6, ಎಫ್6, ಜಿ6 ಎಲ್ಲ ಖಾಲಿ. ಆ ಆನೆ ಒಂದೇ ನಡೆಯಲ್ಲಿ ಜಿ6ಗೋ ಎಚ್6ಗೋ ಹೋಗಿ ಬಿಳಿ ರಾಜನ ಎದುರಿಗೆ ನಿಲ್ಲುತ್ತದೆ. ರಾಣಿ ಎಚ್4ಗೆ ಬಂದರೆ ಎಚ್2 ಪಾನ್ ಮೇಲೆ ಎರಡು ದೊಡ್ಡ ಕಾಯಿಗಳ ಭಾರ. ಆಮೇಲೆ ಡಿ6 ಆಡಿ, ಸಿ8 ಬಿಷಪ್‌ನ ದಾರಿ ಎಚ್3ವರೆಗೂ ತೆರೆಯುತ್ತದೆ. ಅಂದರೆ ಡಿ6 ಬೇಕು, ಆದರೆ ಆನೆ ದಾಟಿದ ಮೇಲೆ. ಈ ಕ್ರಮ ತಪ್ಪಿದರೆ ನಿಮ್ಮ ಪಾನ್ ನಿಮ್ಮದೇ ಆನೆಗೆ ಅಡ್ಡ ನಿಲ್ಲುತ್ತದೆ.

ಬಿಳಿ ಸುಮ್ಮನೆ ಕೂರುವುದಿಲ್ಲ. ಸಾಮಾನ್ಯವಾಗಿ ಸಿ3 ಕುದುರೆಯನ್ನು ಇ4ಗೆ ತಂದು ನಿಮ್ಮ ಸಿ5 ಬಿಷಪ್ ಮೇಲೆ ಬೀಳುತ್ತಾರೆ. ಬಿಷಪ್ ಅನ್ನು ಎ7ಗೆ ಹಿಂದೆ ತೆಗೆಯಿರಿ. ಎ5 ತಳ್ಳಿದ್ದರ ಇನ್ನೊಂದು ಲಾಭ ಇದು. ಎ7 ಮನೆ ಖಾಲಿಯಾಗಿದೆ, ಅಲ್ಲಿಂದಲೂ ಬಿಷಪ್ ಎಫ್2 ಕಡೆಗೇ ನೋಡುತ್ತಿರುತ್ತದೆ. ಇ3 ಪಾನ್ ಯಾವತ್ತಾದರೂ ಕದಲಿದರೆ ಆ ಬಿಷಪ್ ನೇರ ರಾಜನ ಮೇಲೆ ಹೋಗುತ್ತದೆ. ಬಿಳಿ ಎಚ್3 ಆಡಿ ಅಥವಾ ಕುದುರೆಯನ್ನು ಜಿ3ಗೆ ತಂದು ತಡೆಯಬಹುದು. ಪ್ರತಿ ಸಲ ಮೇಟ್ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಎಲ್ಲ ಕಾಯಿಗೂ ಒಂದೊಂದು ಕೆಲಸ ಸಿಕ್ಕಿರುತ್ತದೆ, ಬಿಳಿ ಕಾಯುತ್ತಾ ಕೂರಬೇಕಾಗುತ್ತದೆ. ಕಪ್ಪು ಕಾಯಿ ಹಿಡಿದವರಿಗೆ ಹನ್ನೆರಡನೇ ನಡೆಯಲ್ಲಿ ಇದಕ್ಕಿಂತ ಜಾಸ್ತಿ ಏನು ಬೇಕು?

ಬಿಷಪ್ ಎಫ್4: ನಿಜವಾದ ಪರೀಕ್ಷೆ

ತಿಳಿದವರು ನಾಲ್ಕನೇ ನಡೆಯಲ್ಲಿ ಆಡುವುದು ಇದನ್ನೇ. ಇ3 ಆಡುವ ಮೊದಲೇ ಬಿಷಪ್ ಹೊರಗೆ ಬಂತು, ಇ5 ಪಾನ್‌ಗೆ ಕಾವಲು ಸಿಕ್ಕಿತು. ನೀವು ಕುದುರೆ ಸಿ6 ಆಡಿ. ಬಿಳಿ ಕುದುರೆ ಎಫ್3. ಈಗ ಬಿಷಪ್ ಬಿ4, ಚೆಕ್. ಬಿಳಿಯ ಮುಂದೆ ಎರಡು ದಾರಿ.

ಒಂದನೆಯದು, ಬಿ1ರ ಕುದುರೆಯನ್ನು ಡಿ2ಗೆ ಅಡ್ಡ ಇಡುವುದು. ನೀವು ರಾಣಿ ಇ7. ಈಗ ಬಿಳಿ ಎ3 ಆಡಿ ನಿಮ್ಮ ಬಿಷಪ್‌ಗೆ ಹೋಗು ಎಂದರೆ, ಬಿಷಪ್ ಅನ್ನು ಮುಟ್ಟಬೇಡಿ. ಜಿ4 ಕುದುರೆಯಿಂದ ಇ5 ಪಾನ್ ಹೊಡೆಯಿರಿ. ಬಿಳಿ ಆಸೆಪಟ್ಟು ಬಿಷಪ್ ತಿಂದರೆ, ಕುದುರೆ ಡಿ3, ಚೆಕ್‌ಮೇಟ್.

ಈ ಮೇಟ್ ಅನ್ನು ಒಂದು ನಿಮಿಷ ನೋಡಿ. ಡಿ3 ಮನೆಯನ್ನು ಇ2 ಪಾನ್ ಕಾಯುತ್ತಿದೆ ಅನ್ನಿಸುತ್ತದೆ. ಆದರೆ ನಿಮ್ಮ ಕುದುರೆ ಇ5ರಿಂದ ಹಾರಿದ ಕೂಡಲೇ ಇ7 ರಾಣಿಯ ದಾರಿ ಇ1 ರಾಜನವರೆಗೆ ತೆರೆದುಕೊಂಡಿತು. ಇ2 ಪಾನ್ ಕದಲುವಂತಿಲ್ಲ. ಬಿಳಿ ರಾಣಿ ಡಿ1ರಲ್ಲಿ, ಮುಂದೆ ಸ್ವಂತ ಕುದುರೆ. ಬಿಷಪ್ ಎಫ್1ರಲ್ಲಿ, ಮುಂದೆ ಸ್ವಂತ ಪಾನ್. ರಾಜನ ಸುತ್ತ ಒಂದೇ ಒಂದು ಖಾಲಿ ಮನೆ ಇಲ್ಲ. ಬಿಳಿ ಮೊದಲು ಇ5ರಲ್ಲಿ ಕುದುರೆ ಬದಲಾಯಿಸಿಕೊಂಡು ಆಮೇಲೆ ಬಿಷಪ್ ತಿಂದರೂ ಇದೇ ಗತಿ. ಇದಕ್ಕೆ ಕೀನಿಂಗರ್ ಬಲೆ ಎಂಬ ಹೆಸರಿದೆ.

ನಾನು ಕಾದು ಕೂತಿದ್ದ ಬಲೆ ಇದೇ. ಮದ್ದು ತುಂಬಾ ಸರಳ: ಬಿಳಿ ಎ3 ಬದಲು ಇ3 ಆಡಿದರೆ ಎಫ್1 ಬಿಷಪ್ ಡಿ3 ಮನೆಯನ್ನು ಕಾಯುತ್ತದೆ, ಮೇಟ್ ಇಲ್ಲ. ಹಾಗಾಗಿ ಕಲಿಯಬೇಕಾದದ್ದು ಇ3 ನಂತರದ ಆಟ.

ಇ3 ಬಂದ ಮೇಲೆ ನೀವು ಇ5 ಹೊಡೆಯಿರಿ, ಕುದುರೆಗಳು ಬದಲಾಗುತ್ತವೆ, ಬಿಳಿ ಬಿಷಪ್ ಇ2. ಎರಡೂ ಕಡೆ ಕ್ಯಾಸಲಿಂಗ್. ಈಗ ಬಿ4 ಬಿಷಪ್‌ನಿಂದ ಡಿ2 ಕುದುರೆ ಹೊಡೆಯಿರಿ, ಬಿಳಿ ರಾಣಿ ವಾಪಸ್ ಹೊಡೆಯುತ್ತದೆ, ನೀವು ಡಿ6. ಇಲ್ಲಿ ನಿಮ್ಮ ಸ್ಥಿತಿ ಗಟ್ಟಿ, ಆದರೆ ಬಿಳಿಯ ಹತ್ತಿರ ಎರಡು ಬಿಷಪ್ ಉಳಿದಿವೆ. ಅವರ ಯೋಜನೆ ಒಂದೇ: ಬಿ4, ಆಮೇಲೆ ಸಿ5 ತಳ್ಳಿ ನಿಮ್ಮ ರಾಣಿ ಬದಿಯನ್ನು ಒಡೆಯುವುದು. ನನ್ನನ್ನು ಸೋಲಿಸಿದ್ದು ಈ ಸಿ5 ನಡೆಯೇ.

ಇದರಲ್ಲಿ ನಾನು ಒಬ್ಬನೇ ಅಲ್ಲ. 1992ರಲ್ಲಿ ಲಿನಾರೆಸ್‌ನಲ್ಲಿ ನಡೆದ ಕ್ಯಾಂಡಿಡೇಟ್ಸ್ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಸ್ಪರ್ಧೆ) ಸೆಮಿಫೈನಲ್‌ನ ಮೊದಲ ಆಟದಲ್ಲಿ ಇಂಗ್ಲೆಂಡಿನ ನೈಜೆಲ್ ಶಾರ್ಟ್, ಮಾಜಿ ವಿಶ್ವ ಚಾಂಪಿಯನ್ ಕಾರ್ಪೋವ್ ವಿರುದ್ಧ ಬುಡಾಪೆಸ್ಟ್ ಆಡಿದರು. ಡಿ6 ಆಡುವ ಮೊದಲೇ ಬಿ6 ಆಡಿ ಬಿಷಪ್ ಅನ್ನು ಬಿ7ಗೆ ತಂದರು. ಕಾರ್ಪೋವ್ ತಕ್ಷಣ ಸಿ5 ತಳ್ಳಿ ಪಾನ್ ಬಿಟ್ಟುಕೊಟ್ಟರು. ಶಾರ್ಟ್ ಅವರ ರಾಣಿ ಬದಿಯ ಪಾನ್‌ಗಳು ಚೆದುರಿಹೋದವು, ಆಟ ಕಾರ್ಪೋವ್ ಪಾಲಾಯಿತು. ಕೊನೆಗೆ ಆ ಪಂದ್ಯವನ್ನು ಗೆದ್ದವರು ಶಾರ್ಟ್, ಅದು ಬೇರೆ ಮಾತು.

ಹಾಗಾಗಿ ಕ್ರಮ ನೆನಪಿಡಿ. ಮೊದಲು ಡಿ6, ಸಿ5 ಮನೆಗೆ ಕಾವಲು. ಆಮೇಲೆ ಬಿ6, ಎರಡನೇ ಕಾವಲು. ಅದಾದ ಮೇಲೆ ಬಿಷಪ್ ಬಿ7. ಕುದುರೆ ಇ5ರಲ್ಲಿ ಚೆನ್ನಾಗಿದೆ ಅಂತ ಅಲ್ಲೇ ಬಿಡಬೇಡಿ, ಸಮಯ ನೋಡಿ ಜಿ6ಗೆ ತಂದು ಎಫ್4 ಬಿಷಪ್ ಅನ್ನು ಓಡಿಸಿ. ಈ ಆಟದಲ್ಲಿ ದಾಳಿ ಇಲ್ಲ, ತಾಳ್ಮೆ ಬೇಕು. ಆನೆ ಎ6ರಿಂದ ಎಚ್6ಗೆ ಹಾರುವ ಖುಷಿ ಇಲ್ಲಿ ಸಿಗುವುದಿಲ್ಲ, ಯಾಕೆಂದರೆ ಡಿ6ರಲ್ಲಿ ಪಾನ್ ಕೂತಿದೆ. ಅದನ್ನು ಒಪ್ಪಿಕೊಂಡೇ ಈ ಓಪನಿಂಗ್ ಹಿಡಿಯಬೇಕು.

ಕುದುರೆ ಸಿ3ಗೆ ಬಂದರೆ ಪಾನ್ ವಾಪಸ್ ಇಲ್ಲ

ಬಿ4 ಚೆಕ್ಕಿಗೆ ಬಿಳಿಯ ಎರಡನೇ ದಾರಿ ಕುದುರೆಯನ್ನು ಸಿ3ಗೆ ತರುವುದು. ಆಗ ಬಿಷಪ್‌ನಿಂದ ಆ ಕುದುರೆ ಹೊಡೆಯಿರಿ. ಬಿಳಿಯ ಬಿ ಪಾನ್ ವಾಪಸ್ ಹೊಡೆಯುತ್ತದೆ. ಸಿ ಸಾಲಿನಲ್ಲಿ ಒಂದರ ಹಿಂದೆ ಒಂದು ಎರಡು ಪಾನ್ ನಿಲ್ಲುತ್ತವೆ. ನೀವು ರಾಣಿ ಇ7, ಬಿಳಿ ರಾಣಿಯನ್ನು ಡಿ5ಗೆ ತಂದು ಇ5 ಪಾನ್ ಕಾಯುತ್ತಾರೆ. ಈಗ ಎಫ್6 ತಳ್ಳಿ. ಬಿಳಿ ಹೊಡೆಯಲಿ, ನಿಮ್ಮ ಕುದುರೆ ಎಫ್6ಗೆ ವಾಪಸ್ ಬಂದು ರಾಣಿಯ ಮೇಲೆ ಬೀಳುತ್ತದೆ. ನೀವು ಒಂದು ಪಾನ್ ಕಡಿಮೆ. ಇಡೀ ಬುಡಾಪೆಸ್ಟ್‌ನಲ್ಲಿ ನಿಜವಾದ ಗ್ಯಾಂಬಿಟ್ ಇದೊಂದೇ ಅನ್ನಬಹುದು. ಬದಲಿಗೆ ನಿಮಗೆ ತೆರೆದ ಎಫ್ ಸಾಲು, ಇ4 ಮನೆ, ಬಿಳಿಯ ಮುರಿದ ಪಾನ್‌ಗಳು ಸಿಗುತ್ತವೆ.

ಇಷ್ಟು ಸಾಕಾ ಎಂದು ಅನುಮಾನ ಬಂದರೆ 1918ರ ಬರ್ಲಿನ್ ಆಟ ನೋಡಿ. ಬಿಳಿ ಅಕಿಬಾ ರೂಬಿನ್‌ಸ್ಟೈನ್, ಆಗಿನ ಕಾಲದ ಅತಿ ಬಲಿಷ್ಠರಲ್ಲಿ ಒಬ್ಬರು. ಕಪ್ಪು ಮಿಲಾನ್ ವಿಡ್ಮಾರ್, ವೃತ್ತಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರ್. ರೂಬಿನ್‌ಸ್ಟೈನ್ ಡಿ4 ಆಡಿದರೆ ಏನು ಮಾಡುವುದು ಎಂದು ವಿಡ್ಮಾರ್‌ಗೆ ಚಿಂತೆ. ಹಂಗೇರಿಯ ಗೆಳೆಯ ಇಶ್ಟ್ವಾನ್ ಅಬೋನಿ ಈ ಓಪನಿಂಗ್ ತೋರಿಸಿಕೊಟ್ಟರು. ಅಬೋನಿ, ಬಾರಾಸ್, ಬ್ರೇಯರ್ ಸೇರಿ ಅದನ್ನು ಬುಡಾಪೆಸ್ಟ್‌ನಲ್ಲಿ ಬೆಳೆಸುತ್ತಿದ್ದ ದಿನಗಳವು.

ಆ ಆಟದಲ್ಲಿ ವಿಡ್ಮಾರ್ ರಾಣಿಯನ್ನು ಎ3ಗೆ ತಂದು, ಆಮೇಲೆ ಎಫ್6 ತಳ್ಳಿದರು. 14ನೇ ನಡೆಯಲ್ಲಿ ಕುದುರೆ ಇ4ಗೆ ಬಂತು. 15ನೇ ನಡೆಯಲ್ಲಿ ರಾಣಿ ಎ5ರಿಂದ ಚೆಕ್ ಕೊಟ್ಟಾಗ ಬಿಳಿ ರಾಜ ಇ2ಗೆ ಬರಬೇಕಾಯಿತು. ತಕ್ಷಣ ಎಫ್8 ಆನೆ ಎಫ್4 ಬಿಷಪ್ ಅನ್ನು ಹೊಡೆದು ತಾನೂ ಬಲಿಯಾಯಿತು. ಆಮೇಲೆ ರಾಜ ಎಫ್3, ಜಿ3, ಎಚ್4 ಎಂದು ಬೋರ್ಡ್ ನಡುವೆ ನಡೆದುಕೊಂಡು ಹೋಗಿ ಎಚ್5ಗೆ ಬಂದ. 24ನೇ ನಡೆಯಲ್ಲಿ ಬಿಷಪ್ ಜಿ6, ಚೆಕ್. ಬಿಳಿ ಆಟ ಬಿಟ್ಟರು. ರಾಜ ಜಿ4ಗೆ ಹೋದರೂ, ಎಚ್4ಗೆ ಹೋದರೂ, ಎ5ರಲ್ಲಿದ್ದ ರಾಣಿ ಇಡೀ ಐದನೇ ಸಾಲು ದಾಟಿ ಎಚ್5ಗೆ ಬಂದು ಮೇಟ್. ವಿಡ್ಮಾರ್ ಆ ಟೂರ್ನಿಯನ್ನೂ ಗೆದ್ದರು. ಎಲ್ಲ ನಡೆಗಳನ್ನು ಒಮ್ಮೆ ಕೈಯಿಂದ ಆಡಿ ನೋಡಿ. ಇ4 ಕುದುರೆ ಮತ್ತು ಎಫ್ ಸಾಲು ಯಾಕೆ ಒಂದು ಪಾನ್ ಬೆಲೆ ಬಾಳುತ್ತವೆ ಎಂದು ನಾನು ಹೇಳುವುದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ.

ಉಳಿದ ನಾಲ್ಕನೇ ನಡೆಗಳು

ಬಿಳಿ ಇ4 ಆಡಿದರೆ ಎಚ್ಚರ. ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖೈನ್ ಇಷ್ಟಪಟ್ಟ ದಾರಿ ಇದು. 1925ರಲ್ಲಿ ಬಾಡೆನ್ ಬಾಡೆನ್‌ನಲ್ಲಿ ಇಲ್ಯಾ ರಾಬಿನೋವಿಚ್ ವಿರುದ್ಧ ಇದರಿಂದಲೇ ಗೆದ್ದರು. ಬಿಳಿ ಪಾನ್ ವಾಪಸ್ ಕೊಟ್ಟು ನಡುಜಾಗ ಹಿಡಿಯುತ್ತಾರೆ. ನೀವು ಇ5 ಹೊಡೆಯಿರಿ, ಬಿಳಿ ಎಫ್4, ನೀವು ಕುದುರೆಯನ್ನು ಸಿ6ಗೆ ತೆಗೆಯಿರಿ. ಬಿಳಿ ಬಿಷಪ್ ಇ3 ಆಡಿದರೆ ಮತ್ತೆ ಅದೇ ಬಿ4 ಚೆಕ್. ಅಡ್ಡ ಕುದುರೆ ಸಿ3ಗೆ ಬಂದರೆ ರಾಣಿ ಎಚ್4 ಚೆಕ್ ಕೊಡಿ. ಬಿಳಿ ಜಿ3 ಆಡಲಿ. ಆಗ ಸಿ3 ಹೊಡೆದು ರಾಣಿಯನ್ನು ಇ7ಗೆ ತನ್ನಿ. ಇ4 ಪಾನ್ ಗುರಿ. ಇನ್ನೊಂದು ಕುದುರೆಯನ್ನು ಎ6 ಮೂಲಕ ಸಿ5ಗೆ ಕಳಿಸಿ, ಅದೂ ಇ4 ಮೇಲೇ. ಬಿಳಿ ಪಾನ್‌ಗಳು ದೂರ ಹೋಗಿವೆ, ಹಿಂದೆ ಕಾಯುವವರು ಕಡಿಮೆ.

ಇ3 ಮೆತ್ತಗಿನ ನಡೆ. ಹೊಡೆಯಿರಿ. ಬಿಳಿ ಕುದುರೆಯನ್ನು ಎಚ್3ರಿಂದ ಎಫ್4ಗೆ, ಅಲ್ಲಿಂದ ಡಿ5ಗೆ ತರಲು ನೋಡುತ್ತಾರೆ. ನಿಮ್ಮ ಕುದುರೆಯನ್ನು ಜಿ6ಗೆ ಇಟ್ಟರೆ ಎಫ್4 ಮನೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಕುದುರೆಯನ್ನು ಜಿ4 ಬದಲು ಇ4ಗೆ ಹಾರಿಸುವ ಫಯರೋವಿಚ್ ಎಂಬ ಇನ್ನೊಂದು ದಾರಿಯೂ ಇದೆ. 1928ರಲ್ಲಿ ವೀಸ್‌ಬಾಡೆನ್‌ನಲ್ಲಿ ಆಡಿದ ಆಟದಿಂದ ಅದು ಹೆಸರಾಯಿತು. ಬಲೆಗಳು ಜಾಸ್ತಿ, ಆದರೆ ಬಿಳಿ ಎ3 ಆಡಿ ಬಿ4 ಚೆಕ್ ತಡೆದರೆ ಪಾನ್‌ಗೆ ತಕ್ಕ ಪ್ರತಿಫಲ ಸಿಗುವುದು ಕಷ್ಟ. ಐದು ನಿಮಿಷದ ಆಟಕ್ಕೆ ಇಟ್ಟುಕೊಳ್ಳಿ. ಟೂರ್ನಿಗೆ ಜಿ4 ಸಾಕು.

ಅಭ್ಯಾಸ

ಮೊದಲ ವಾರ ಎರಡೇ ಸ್ಥಿತಿ. ಒಂದು, ಆನೆ ಎ6ರಲ್ಲಿ ನಿಂತಿರುವುದು. ಇನ್ನೊಂದು, ಡಿ2 ಹೊಡೆದು ಡಿ6 ಆಡಿದ ಮೇಲಿನದು. ಗೆಳೆಯರೊಬ್ಬರನ್ನು ಕೂರಿಸಿಕೊಂಡು ಆ ಸ್ಥಿತಿಯಿಂದಲೇ ಆಟ ಶುರು ಮಾಡಿ. ಒಂದು ಸಲ ಕಪ್ಪು, ಒಂದು ಸಲ ಬಿಳಿ. ಬಿಳಿ ಆಡಿದಾಗಲೇ ಸಿ5 ಎಷ್ಟು ಸಿಹಿ ಅಂತ ಗೊತ್ತಾಗುತ್ತದೆ, ಆಮೇಲೆ ಕಪ್ಪು ಆಡುವಾಗ ಅದನ್ನು ಮರೆಯುವುದಿಲ್ಲ.

ಆಮೇಲೆ ಆನ್‌ಲೈನ್‌ನಲ್ಲಿ ಹತ್ತು ಹದಿನೈದು ನಿಮಿಷದ ಆಟಗಳನ್ನು ಆಡಿ. ಒಂದು ನಿಮಿಷದ ಬುಲೆಟ್ ಬೇಡ, ಅದರಲ್ಲಿ ಬಲೆ ಮಾತ್ರ ಕಲಿಯುತ್ತೀರಿ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಓಪನಿಂಗ್ ಎಕ್ಸ್‌ಪ್ಲೋರರ್ ಉಚಿತ. ಆಟ ಮುಗಿದ ಕೂಡಲೇ ಅದರಲ್ಲಿ ನಿಮ್ಮ ನಡೆಗಳನ್ನು ಒಂದೊಂದಾಗಿ ಇಟ್ಟು, ಮಾಸ್ಟರ್‌ಗಳು ಅದೇ ಸ್ಥಿತಿಯಲ್ಲಿ ಏನು ಆಡಿದ್ದಾರೆ ನೋಡಿ. ಕಂಪ್ಯೂಟರ್ ಎಂಜಿನ್ ಕೊನೆಗೆ ಹಾಕಿ. ಮೊದಲೇ ಹಾಕಿದರೆ ಅಂಕಿ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಪ್ರತಿ ಆಟದಿಂದ ಒಂದೇ ಸಾಲು ಸಾಕು: ಇ5 ಪಾನ್ ಯಾವ ನಡೆಯಲ್ಲಿ ವಾಪಸ್ ಬಂತು, ಅದರ ಮುಂದಿನ ನಡೆ ಏನು ಆಡಿದೆ, ಯಾಕೆ. ನನ್ನ ನೋಟ್‌ಬುಕ್‌ನಲ್ಲಿ ಮೊದಲ ಆರು ಆಟಗಳಲ್ಲಿ ಆ "ಯಾಕೆ" ಜಾಗ ಖಾಲಿ ಇದೆ. ಏಳನೆಯದರಲ್ಲಿ ಹೀಗೆ ಬರೆದಿದ್ದೇನೆ: "10ನೇ ನಡೆ, ಎ5. ಆನೆ ದಾಟಬೇಕು, ಡಿ ಪಾನ್ ಮುಟ್ಟಬಾರದು."